ಬರದ ಸೀಮೆಯಲ್ಲಿ ಮೇಯುವ ಮೀನು

ಸರ್ಜನ್ ಮೀನು ಬೇಟೆಯಾಡುವ ಪ್ರಾಣಿಯಲ್ಲ, ಮೇಯುವ ಪ್ರಾಣಿ. ಅದನ್ನು ಮನೆಗೆ ತರಬೇಕೆನ್ನುವವರು ಬಣ್ಣಕ್ಕೆ ಮರುಳಾಗುವ ಮೊದಲು ಈ ಒಂದು ಮಾತನ್ನು ಮನಸ್ಸಿಗೆ ತಂದುಕೊಂಡರೆ ಮುಂದಿನ ಅರ್ಧ ತೊಂದರೆ ತಪ್ಪುತ್ತದೆ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ದರಿಬಡಚಿಯವರಿಗೆ ಮೇಯುವ ಪ್ರಾಣಿ ಎಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಗಿಣಿಮೂಗಿನ ಮಾಡಗ್ಯಾಳ ಕುರಿ ಇದೇ ತಾಲ್ಲೂಕಿನ ಮಾಡಗ್ಯಾಳದ ತಳಿ. ಬೆಳಗಾದರೆ ಬಾಯಿ ಆಡುತ್ತಲೇ ಇರಬೇಕು, ಒಂದೇ ಕಡೆ ಕಟ್ಟಿಹಾಕಿದರೆ ಸೊರಗುತ್ತದೆ, ಪಕ್ಕೆ ಒಳಸೇರಿತೆಂದರೆ ಏನೋ ಕೆಟ್ಟಿದೆ ಎಂದೇ ಅರ್ಥ. ಕುರಿ ಸಾಕಿದವರಿಗೆ ಗೊತ್ತಿರುವ ಈ ಮೂರೂ ಮಾತು ಹವಳದ ದಿಬ್ಬದ ಮೇಲೆ ಮೇಯುವ ಈ ಮೀನಿಗೂ ಹಾಗೆಹಾಗೆಯೇ ಸಲ್ಲುತ್ತವೆ.

ದರಿಬಡಚಿಯಿಂದ ಕೊಂಕಣದ ಕಡಲಿಗೆ ನೇರ ಗೆರೆ ಎಳೆದರೂ ಇನ್ನೂರು ಕಿಲೋಮೀಟರಿಗೂ ಹೆಚ್ಚು. ಆದರೆ ಕಡಲ ಮೀನಿನ ಆಸೆಗೆ ಈಗ ದೂರ ಅಡ್ಡಿಯಲ್ಲ. ಮೊಬೈಲಿನಲ್ಲಿ ನೀಲಿ ಬೆಳಕಿನ ತೊಟ್ಟಿ, ಅದರಲ್ಲಿ ಸುಳಿಯುವ ನೀಲಿ–ಹಳದಿ ಮೀನು ಕಂಡ ಹುಡುಗರು ಮುಂಬಯಿಗೋ ಬೆಂಗಳೂರಿಗೋ ಫೋನು ಮಾಡಿದರೆ ಸಾಕು, ಆಕ್ಸಿಜನ್ ತುಂಬಿದ ಚೀಲ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ರಾತ್ರಿ ಬಸ್ಸಿಗೆ ಏರುತ್ತದೆ. ಮೀನು ಬಂದು ಇಳಿಯುವುದು ಸುಲಭ. ಇಳಿದ ಮೇಲೆ ಅದು ಬದುಕಬೇಕಲ್ಲ, ಈ ಬರಹ ಅದರ ಬಗ್ಗೆ.

ಅಕ್ಯಾಂಥುರಿಡೇ ಎಂಬ ಈ ಕುಟುಂಬದಲ್ಲಿ 80ಕ್ಕೂ ಹೆಚ್ಚು ಜಾತಿಗಳಿವೆ. ಮೀನು ಸಾಕುವವರು ಇವನ್ನು 'ಟ್ಯಾಂಗ್' ಎನ್ನುತ್ತಾರೆ. ಬ್ಲೂ ಟ್ಯಾಂಗ್, ಯೆಲ್ಲೋ ಟ್ಯಾಂಗ್, ಪೌಡರ್ ಬ್ಲೂ, ಕೋಲೆ ಟ್ಯಾಂಗ್, ನೇಸೋ ಇವು ಅಂಗಡಿಯಲ್ಲಿ ಕೇಳಿಬರುವ ಹೆಸರುಗಳು. ಎಲ್ಲಕ್ಕೂ ಸಾಮಾನ್ಯವಾದದ್ದು ಬಾಲದ ಬುಡದಲ್ಲಿರುವ ಚೂರಿ. ಬ್ಲೂ ಟ್ಯಾಂಗಿನ ಬಾಲದ ಹಳದಿ ತ್ರಿಕೋನದ ತುದಿಯನ್ನು ಹತ್ತಿರದಿಂದ ನೋಡಿದರೆ ಒಂದು ಸಣ್ಣ ಸೀಳು ಕಾಣುತ್ತದೆ. ಚೂರಿ ಆ ಸೀಳಿನೊಳಗೆ ಮಡಿಚಿ ಮಲಗಿರುತ್ತದೆ. ಮೀನು ಬಾಲವನ್ನು ಬಳುಕಿಸಿದಾಗ ಅದು ಮುಂದಕ್ಕೆ ಬಾಯಿ ತೆರೆದು ಹೊರಬರುತ್ತದೆ, ಪಕ್ಕದಲ್ಲಿ ಸಿಕ್ಕ ಇನ್ನೊಂದು ಮೀನಿನ ಮೈಯನ್ನೋ ನಿಮ್ಮ ಬೆರಳನ್ನೋ ಸೀಳುತ್ತದೆ. ಹೆಚ್ಚಿನ ಜಾತಿಗಳಲ್ಲಿ ಬದಿಗೊಂದೇ ಚೂರಿ, ನೇಸೋ ಮೀನುಗಳಲ್ಲಿ ಮಡಿಚಲು ಬಾರದ ಅಲಗುಗಳು. ಬಲೆಯಲ್ಲಿ ಹಿಡಿದರೆ ಇದು ನೂಲಿಗೆ ಸಿಕ್ಕಿಕೊಂಡು ಮೀನೂ ಗಾಯಗೊಳ್ಳುತ್ತದೆ, ಬಿಡಿಸುವವರೂ ಗಾಯಗೊಳ್ಳುತ್ತಾರೆ. ಹಾಗಾಗಿ ತಿಳಿದವರು ಪಾರದರ್ಶಕ ಡಬ್ಬಿಯೊಳಗೆ ಮೀನನ್ನು ನೀರಿನ ಸಮೇತ ನಡೆಸಿಕೊಂಡು ಎತ್ತುತ್ತಾರೆ.

ಚೂರಿಯ ಕತೆ ಎಲ್ಲರೂ ಹೇಳುತ್ತಾರೆ. ಸಾಕುವವರಿಗೆ ಅದಕ್ಕಿಂತ ಮುಖ್ಯವಾದದ್ದು ಬಾಯಿ ಮತ್ತು ಕರುಳು. ಯೆಲ್ಲೋ ಟ್ಯಾಂಗಿನ ಮೂತಿ ಚೂಪು, ಹವಳದ ಕೊಂಬೆಗಳ ಸಂದಿನಿಂದ ಪಾಚಿ ಕೀಳಲು ಅನುಕೂಲ. ಪೌಡರ್ ಬ್ಲೂ ಸೇರಿದ ಅಕ್ಯಾಂಥುರಸ್ ಗುಂಪಿನ ಮೀನುಗಳಿಗೆ ಪಾಚಿಯನ್ನು ಕಚ್ಚಿ ಕತ್ತರಿಸುವ ಚಪ್ಪಟೆ ಹಲ್ಲು. ಕೋಲೆ ಟ್ಯಾಂಗಿಗೆ ಬಾಚಣಿಕೆಯಂಥ ಸಣ್ಣ ಹಲ್ಲಿನ ಸಾಲು, ಅದರಿಂದ ಕಲ್ಲಿನ ಮೇಲಿನ ತೆಳುಪದರವನ್ನು ಗುಡಿಸಿ ತಿನ್ನುತ್ತದೆ. ಬೆಳಕು ಹರಿದ ಹೊತ್ತಿನಿಂದ ಕತ್ತಲಾಗುವವರೆಗೆ ಇವುಗಳ ಕಚ್ಚಾಟ ನಿಲ್ಲುವುದಿಲ್ಲ. ತಲೆಯನ್ನು ಕಲ್ಲಿಗೆ ತಾಗಿಸಿ, ತುಟಿ ಒತ್ತಿ, ಕತ್ತನ್ನು ಥಟ್ಟನೆ ಪಕ್ಕಕ್ಕೆ ಎಳೆದು ಒಂದು ತುತ್ತು ಕಿತ್ತುಕೊಂಡು ಎರಡು ಗೇಣು ಮುಂದೆ ಹೋಗಿ ಮತ್ತೆ ಅದೇ ಕೆಲಸ.

ಈ ಮೇವನ್ನು ಅರಗಿಸುವ ಕರುಳು ಮೈಯಳತೆಗೆ ಮೀರಿ ಉದ್ದ. ಕುರಿಯ ಹೊಟ್ಟೆಯಲ್ಲಿ ಹುಲ್ಲು ಅರಗಿಸಿಕೊಡುವ ಸೂಕ್ಷ್ಮಜೀವಿಗಳಿರುವಂತೆ ಈ ಕರುಳಿನಲ್ಲೂ ಇವೆ. 1985ರಲ್ಲಿ ಲೆವ್ ಫಿಶೆಲ್ಸನ್ ಮತ್ತು ಸಂಗಡಿಗರು ಕೆಂಪು ಸಮುದ್ರದ ಸರ್ಜನ್ ಮೀನಿನ ಕರುಳಿನಲ್ಲಿ ಬರಿಗಣ್ಣಿಗೇ ಕಾಣುವಷ್ಟು ದೊಡ್ಡ, ಅರ್ಧ ಮಿಲಿಮೀಟರ್ ದಾಟುವ ಏಕಕೋಶ ಜೀವಿಯನ್ನು ವರ್ಣಿಸಿದರು. ಇಷ್ಟು ದೊಡ್ಡದು ಬ್ಯಾಕ್ಟೀರಿಯಾ ಆಗಿರಲಾರದು ಎಂದೇ ಎಲ್ಲರೂ ಎಣಿಸಿದ್ದರು. 1993ರಲ್ಲಿ ಅದು ಬ್ಯಾಕ್ಟೀರಿಯಾ ಎಂದು ಖಚಿತವಾಯಿತು. ಎಪುಲೋಪಿಸಿಯಮ್ ಎಂದು ಅದರ ಹೆಸರು. ಸರ್ಜನ್ ಮೀನನ್ನು ಖರೀದಿಸಿದವರು ಅದರ ಹೊಟ್ಟೆಯೊಳಗಿನ ಒಂದು ಇಡೀ ಸಂಸಾರವನ್ನೂ ಸಾಕಲು ಒಪ್ಪಿಕೊಂಡ ಹಾಗೆ. ದಿನಕ್ಕೊಮ್ಮೆ ಚಿಟಿಕೆ ಕಾಳು ಉದುರಿಸಿ ಕೈತೊಳೆದುಕೊಂಡರೆ ಆ ಸಂಸಾರ ನಡೆಯುವುದಿಲ್ಲ.

ಬ್ಲೂ ಟ್ಯಾಂಗ್ ಇಷ್ಟು ಜನಕ್ಕೆ ಪರಿಚಯವಾಗಲು ಕಾರಣ ಸಿನಿಮಾ. 2003ರ 'ಫೈಂಡಿಂಗ್ ನೀಮೋ' ಚಿತ್ರದ ಡೋರಿ ಇದೇ ಮೀನು, 2016ರಲ್ಲಿ ಅವಳ ಹೆಸರಿನಲ್ಲೇ ಇನ್ನೊಂದು ಚಿತ್ರ ಬಂತು. ಅಂಗಡಿಯಲ್ಲಿ ಸಿಗುವ ಡೋರಿ ಹೆಬ್ಬೆರಳಿನಷ್ಟಿರುತ್ತದೆ. ಎರಡಡಿಯ ತೊಟ್ಟಿಯಲ್ಲಿ ಮುದ್ದಾಗಿ ಕಾಣುತ್ತದೆ. ಬೆಳೆದರೆ ಅದು ಒಂದು ಅಡಿಯ ಮೀನು. ನೇಸೋ ಒಂದೂವರೆ ಅಡಿ ತಲುಪುತ್ತದೆ. ಯೆಲ್ಲೋ ಟ್ಯಾಂಗ್ 20 ಸೆಂಟಿಮೀಟರಿಗೆ ನಿಲ್ಲುತ್ತದೆ, ಕೋಲೆ ಅದಕ್ಕಿಂತಲೂ ಚಿಕ್ಕದು. ಹವಾಯಿಯ ಸಮುದ್ರದಲ್ಲಿ ಯೆಲ್ಲೋ ಟ್ಯಾಂಗ್ ನಲವತ್ತು ವರ್ಷ ದಾಟಿ ಬದುಕಿರುವುದು ದಾಖಲಾಗಿದೆ. ನಲವತ್ತು ವರ್ಷವೆಂದರೆ ಮನೆಯಲ್ಲಿ ಒಂದು ತಲೆಮಾರು ಬದಲಾಗುವಷ್ಟು ಕಾಲ. ಸಾಕಿದ ಬಹುಪಾಲು ಮೀನುಗಳು ಒಂದೆರಡು ವರ್ಷಕ್ಕೇ ಹೋಗುತ್ತವೆಂದರೆ ತಪ್ಪು ಮೀನಿನದಲ್ಲ. ಬ್ಲೂ ಟ್ಯಾಂಗಿಗೆ ಆರಡಿಗಿಂತ ಗಿಡ್ಡ ತೊಟ್ಟಿ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಯೆಲ್ಲೋ ಮತ್ತು ಕೋಲೆಗೆ ನಾಲ್ಕಡಿಯಲ್ಲಿ ಹೇಗೋ ನಡೆದೀತು. ಎತ್ತರ ಎಷ್ಟಿದ್ದರೂ ಲೆಕ್ಕಕ್ಕಿಲ್ಲ, ಈ ಮೀನಿಗೆ ಬೇಕಾದದ್ದು ಉದ್ದದ ಓಟ.

ಈಗ ದರಿಬಡಚಿಯ ನೀರಿಗೆ ಬರೋಣ. ಆರಡಿ ಉದ್ದ, ಎರಡಡಿ ಅಗಲದ ತೊಟ್ಟಿಗೆ ಕಲ್ಲಿನ ಜಾಗ ಕಳೆದು ಸುಮಾರು 500 ಲೀಟರ್ ನೀರು ಬೇಕು. ಜಲ ಜೀವನ ಮಿಷನ್ನಿನ ಲೆಕ್ಕದಲ್ಲಿ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರ್. ಅಂದರೆ ತೊಟ್ಟಿ ಒಂದು ಸಲ ತುಂಬುವುದೆಂದರೆ ಒಂಬತ್ತು ಜನರ ಒಂದು ದಿನದ ನೀರು. ಬೋರಿನ ನೀರು ನೇರವಾಗಿ ನಡೆಯುವುದಿಲ್ಲ. ಗಡಸು ನೀರು, ಹೊಲಕ್ಕೆ ಹಾಕಿದ ಗೊಬ್ಬರದಿಂದ ಇಳಿದ ನೈಟ್ರೇಟ್ ಎಲ್ಲ ಅದರಲ್ಲಿರುತ್ತದೆ. ಆರ್‌ಓ ಯಂತ್ರದಿಂದ ಶೋಧಿಸಬೇಕು. ಮನೆಯ ಸಾಮಾನ್ಯ ಆರ್‌ಓ ಒಂದು ಲೀಟರ್ ಕೊಡಲು ಮೂರು ಲೀಟರ್ ಹೊರಗೆ ಬಿಡುತ್ತದೆ. 500 ಲೀಟರಿಗೆ ಒಟ್ಟು 2000 ಲೀಟರ್ ಎಳೆದಂತಾಯಿತು. ಬಿಟ್ಟ ನೀರು ಮೂಲಕ್ಕಿಂತ ಮೂರರಲ್ಲೊಂದು ಪಾಲು ಹೆಚ್ಚು ಗಡಸು, ಅಷ್ಟೆ. ಪಾತ್ರೆ ತೊಳೆಯಲು, ಬಟ್ಟೆ ಒಗೆಯಲು, ಸಂಡಾಸಿಗೆ ನಡೆಯುತ್ತದೆ. ಅದನ್ನು ಬಚ್ಚಲಿಗೆ ಹರಿಯಬಿಡುವವರು ಈ ತಾಲ್ಲೂಕಿನಲ್ಲಿ ಕಡಲ ಮೀನು ಸಾಕಲು ಯೋಗ್ಯರಲ್ಲ. ಬೇಸಿಗೆಯಲ್ಲಿ ಟ್ಯಾಂಕರ್ ಕಾಯ್ದು ಗೊತ್ತಿರುವ ಊರುಗಳಿವು. 2022ರ ನವೆಂಬರಿನಲ್ಲಿ ಜತ್ತದ ಗಡಿ ಹಳ್ಳಿಗಳು ಕರ್ನಾಟಕಕ್ಕೆ ಸೇರುವ ಮಾತು ಎರಡೂ ರಾಜ್ಯಗಳಲ್ಲಿ ಸುದ್ದಿಯಾದದ್ದೂ ನೀರಿನ ಸಂಕಟದಿಂದಲೇ.

ಶುದ್ಧ ನೀರಿಗೆ ಇನ್ನು ಉಪ್ಪು. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ 500 ಲೀಟರಿಗೆ ಹದಿನೇಳೂವರೆ ಕಿಲೋ. ಅಡುಗೆ ಉಪ್ಪು ಇದಕ್ಕೆ ಬಾರದು. ಅದರಲ್ಲಿ ಇರುವುದು ಬಹುತೇಕ ಸೋಡಿಯಂ ಮತ್ತು ಕ್ಲೋರೈಡ್ ಎರಡೇ. ಕಡಲ ಉಪ್ಪಿನಲ್ಲಿ ಇವೆರಡರ ಪಾಲು ನೂರಕ್ಕೆ 85ರಷ್ಟು, ಉಳಿದದ್ದು ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ. ಆ ಉಳಿದ ಪಾಲಿಲ್ಲದ ನೀರಿನಲ್ಲಿ ಕಡಲ ಜೀವಿ ಬದುಕದು. ಅಕ್ವೇರಿಯಂ ಅಂಗಡಿಯ ಕೃತಕ ಕಡಲುಪ್ಪನ್ನೇ ತಂದು ಬೇರೆ ಡ್ರಮ್ಮಿನಲ್ಲಿ ಇಡೀ ದಿನ ಕಲಕಿ, ರಿಫ್ರ್ಯಾಕ್ಟೋಮೀಟರಿನಲ್ಲಿ ಸಾಂದ್ರತೆ 1.025ರ ಆಸುಪಾಸು ನೋಡಿ ತೊಟ್ಟಿಗೆ ಬಿಡಬೇಕು. ಆಮೇಲೂ ಮೀನು ಬಿಡುವಂತಿಲ್ಲ. ಮೀನು ಹೊರಬಿಡುವ ಅಮೋನಿಯಾವನ್ನು ನೈಟ್ರೈಟಾಗಿ, ಅದನ್ನು ನೈಟ್ರೇಟಾಗಿ ಮಾಡುವ ಬ್ಯಾಕ್ಟೀರಿಯಾ ಕಲ್ಲು ಮರಳಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಸರ್ಜನ್ ಮೀನಿಗಾದರೆ ನಾನು ಆರು ತಿಂಗಳು ಕಾಯಿರಿ ಎನ್ನುತ್ತೇನೆ. ಅಷ್ಟು ಹೊತ್ತಿಗೆ ಕಲ್ಲಿನ ಮೇಲೆ ತೆಳುವಾಗಿ ಪಾಚಿ ಹಬ್ಬಿ ಮೇಯಲು ಏನಾದರೂ ಇರುತ್ತದೆ.

ವಾರಕ್ಕೆ ನೂರಕ್ಕೆ ಹತ್ತರಂತೆ ನೀರು ಬದಲಿಸಿದರೆ 50 ಲೀಟರ್ ಉಪ್ಪುನೀರು ಹೊರಗೆ ಬರುತ್ತದೆ. ಅದರಲ್ಲಿ ಪೌಣೆರಡು ಕಿಲೋ ಉಪ್ಪು. ವರ್ಷಕ್ಕೆ 90 ಕಿಲೋ ದಾಟಿತು. ಮೀನು ಸಾಕುವ ಪುಸ್ತಕಗಳು ಇದರ ಬಗ್ಗೆ ಮಾತಾಡುವುದಿಲ್ಲ, ಕಾರಣ ಅವು ಒಳಚರಂಡಿ ಇರುವ ಶಹರಗಳಿಗೆ ಬರೆದವು. ದರಿಬಡಚಿಯಲ್ಲಿ ಈ ನೀರು ಹಿತ್ತಲಿಗೋ ಹೊಲದ ಬದುವಿಗೋ ಹೋಗುತ್ತದೆ. ಕೃಷ್ಣೆಯ ಕಾಲುವೆ ನೀರು ಅತಿಯಾಗಿ ಸವಳು ಬಿದ್ದ ನೆಲವನ್ನು ಸಾಂಗಲಿ ಜಿಲ್ಲೆಯವರು ಕಣ್ಣಾರೆ ಕಂಡಿದ್ದಾರೆ. ದಾಳಿಂಬೆಯ ಬುಡಕ್ಕೆ ಈ ನೀರು ಒಂದು ಸಲವೂ ತಾಕಬಾರದು. ಒಂದು ದಾರಿ ಇದೆ. ಕೃಷಿ ಹೊಂಡಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆಯ ತುಂಡನ್ನು ಮಾಳಿಗೆಯ ಮೇಲೆ ಅಂಗೈಯಗಲ ಎತ್ತರದ ಅಂಚು ಕಟ್ಟಿ ಹಾಸಿ, ನೀರನ್ನು ಅಲ್ಲಿ ಸುರಿದರೆ ನಮ್ಮ ಬಿಸಿಲು ಉಳಿದ ಕೆಲಸ ಮಾಡುತ್ತದೆ. ಒಣಗಿದ ಉಪ್ಪನ್ನು ಕೆರೆದು ಚೀಲಕ್ಕೆ ತುಂಬಿಡಿ. ಮಳೆಗಾಲದಲ್ಲಿ ಮಾತ್ರ ಡ್ರಮ್ಮಿನಲ್ಲಿ ಮುಚ್ಚಿಟ್ಟುಕೊಂಡು ಬಿಸಿಲಿಗೆ ಕಾಯಬೇಕು.

ಬಿಸಿಲು ಒಂದು ಕಡೆ ಉಪಕಾರ ಮಾಡಿದರೆ ಇನ್ನೊಂದು ಕಡೆ ಕೊಲ್ಲುತ್ತದೆ. ಸರ್ಜನ್ ಮೀನಿಗೆ ಬೇಕಾದ ನೀರಿನ ಉಷ್ಣತೆ 24ರಿಂದ 27 ಡಿಗ್ರಿ. ಏಪ್ರಿಲ್–ಮೇ ತಿಂಗಳಲ್ಲಿ ಪತ್ರಾಸಿನ ಮನೆಯೊಳಗೆ ತೊಟ್ಟಿ ಇಟ್ಟರೆ ನೀರು 33–34ಕ್ಕೆ ಏರಲು ಹೊತ್ತು ಬೇಕಿಲ್ಲ. ಬಿಸಿ ಏರಿದಂತೆ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಿಮೆಯಾಗುತ್ತದೆ. 25 ಡಿಗ್ರಿಯಲ್ಲಿ ಸಿಹಿನೀರಿನಲ್ಲಿ ಲೀಟರಿಗೆ 8 ಮಿಲಿಗ್ರಾಮಿಗಿಂತ ತುಸು ಹೆಚ್ಚು ಆಮ್ಲಜನಕ ಕರಗಿದರೆ ಕಡಲ ನೀರಿನಲ್ಲಿ 7ಕ್ಕಿಂತ ಕಡಿಮೆ. 30ಕ್ಕೆ ಹೋದರೆ ಇನ್ನೂ ಇಳಿಯುತ್ತದೆ. ಅಲೆ ಬಡಿಯುವ ದಿಬ್ಬದ ಅಂಚಿನಲ್ಲಿ, ಗಾಳಿ ಬೆರೆತ ನೀರಿನಲ್ಲಿ ಹುಟ್ಟಿದ ಮೀನಿಗೆ ಈ ಕೊರತೆ ಬೇಗ ತಟ್ಟುತ್ತದೆ. ನೀರು ತಂಪುಮಾಡುವ ಚಿಲ್ಲರ್ ಕೊಳ್ಳುವ ಶಕ್ತಿಯಿದ್ದರೆ ಸರಿ. ಇಲ್ಲದಿದ್ದರೆ ನೀರಿನ ಮೇಲ್ಮೈಗೆ ಅಡ್ಡಲಾಗಿ ಫ್ಯಾನು ಬೀಸಬೇಕು. ಜತ್ತದ ಒಣ ಹವೆಯಲ್ಲಿ ಈ ಉಪಾಯ ಕರಾವಳಿಗಿಂತ ಚೆನ್ನಾಗಿ ಫಲಿಸುತ್ತದೆ, ಎರಡು ಮೂರು ಡಿಗ್ರಿ ಇಳಿಯುತ್ತದೆ. ಪ್ರತಿಯಾಗಿ ನೀರು ದಿನವೂ ಲೀಟರುಗಟ್ಟಲೆ ಆವಿಯಾಗುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿದು ದಟ್ಟವಾಗುತ್ತದೆ. ಆದ್ದರಿಂದ ಇಳಿದ ಮಟ್ಟವನ್ನು ಉಪ್ಪುನೀರಿನಿಂದಲ್ಲ, ಬರೀ ಆರ್‌ಓ ನೀರಿನಿಂದ ತುಂಬಬೇಕು. ಹೊಸಬರು ಇಲ್ಲಿ ಎಡವುವುದು ಬಹಳ.

ಲೈಟು ಹೋದಾಗ ಏನು? ಪಂಪು ನಿಂತ ಅರ್ಧ ಗಂಟೆಯಲ್ಲಿ ಏನೂ ಆಗುವುದಿಲ್ಲ. ನಾಲ್ಕೈದು ತಾಸು ನಿಂತರೆ ದೊಡ್ಡ ಮೀನು ಮೊದಲು ಏದುಸಿರು ಬಿಡುತ್ತದೆ. ಇಡೀ ವ್ಯವಸ್ಥೆಗೆ ಬ್ಯಾಟರಿ ಹಾಕಲಾಗದಿದ್ದರೂ ಅಲೆ ಎಬ್ಬಿಸುವ ಒಂದು ವೇವ್‌ಮೇಕರನ್ನಾದರೂ ಇನ್ವರ್ಟರಿಗೆ ಜೋಡಿಸಿಡಬೇಕು. ಅದೂ ಇಲ್ಲವೆಂದರೆ ಬ್ಯಾಟರಿಯಿಂದ ನಡೆಯುವ ಗಾಳಿ ಪಂಪು ಕೆಲವು ನೂರು ರೂಪಾಯಿಗೇ ಸಿಗುತ್ತದೆ.

ಮೇವಿನ ವಿಷಯ. ಹಾಳೆಯ ರೂಪದಲ್ಲಿ ಸಿಗುವ ನೋರಿ ಎಂಬ ಒಣ ಕಡಲಪಾಚಿ ಇದಕ್ಕೆ ಮುಖ್ಯ ಆಹಾರ. ಎಣ್ಣೆ, ಉಪ್ಪು, ಮಸಾಲೆ ಹಚ್ಚದ್ದನ್ನು ನೋಡಿ ತರಬೇಕು. ಅಂಗೈಯಗಲದ ತುಂಡನ್ನು ಕ್ಲಿಪ್ಪಿಗೆ ಸಿಕ್ಕಿಸಿ ಬೆಳಗ್ಗೆ ಗಾಜಿಗೆ ಅಂಟಿಸಿದರೆ ಮೀನು ಹಗಲೆಲ್ಲ ಬಂದು ಕಿತ್ತು ತಿನ್ನುತ್ತದೆ. ಮಧ್ಯಾಹ್ನಕ್ಕೆ ಮುಗಿದರೆ ಇನ್ನೊಂದು. ರತ್ನಾಗಿರಿ, ಮಾಲವಣದ ಬಂಡೆಗಳ ಮೇಲೆ ಹಸಿರಾಗಿ ಹಬ್ಬುವ ಉಲ್ವಾ ಪಾಚಿಯೂ ಒಳ್ಳೆಯ ಮೇವು, ಆ ಕಡೆ ನೆಂಟರಿದ್ದರೆ ಊರ ಗಟಾರ ಸೇರದ ಕಡೆಯದನ್ನು ತರಿಸಿ ತೊಳೆದು ನೆರಳಲ್ಲಿ ಒಣಗಿಸಿಟ್ಟುಕೊಳ್ಳಬಹುದು. ಪಾಲಕ್, ಕೋಸು ಹಾಕಿದರೆ ಮೀನು ತಿನ್ನುತ್ತದೆ ನಿಜ. ಆದರೆ ಕಡಲಪಾಚಿಯಲ್ಲಿರುವ ಅಯೋಡಿನ್ ಮತ್ತಿತರ ಪೋಷಕಾಂಶ ಹೊಲದ ಸೊಪ್ಪಿನಲ್ಲಿ ಆ ಪ್ರಮಾಣದಲ್ಲಿಲ್ಲ. ಹೊಟ್ಟೆ ತುಂಬಿದರೂ ಮೈ ಹಿಡಿಯುವುದಿಲ್ಲ. ವಾರಕ್ಕೆರಡು ಸಲ ಸಣ್ಣ ಸಿಗಡಿಯಂಥದ್ದನ್ನು ಕೊಟ್ಟರೆ ತಪ್ಪಿಲ್ಲ, ಅದನ್ನೇ ಊಟ ಮಾಡಬಾರದು.

ಸರ್ಜನ್ ಮೀನುಗಳ ಮುಖದ ಮೇಲೂ ಮೈಯ ಪಕ್ಕದ ಗೆರೆಯ ಉದ್ದಕ್ಕೂ ಚರ್ಮ ತೂತುತೂತಾಗಿ ಸವೆಯುವ ಒಂದು ಬೇನೆಯಿದೆ. ಇದಕ್ಕೆ ಕಾರಣ ಜೀವಸತ್ವದ ಕೊರತೆ, ವಿದ್ಯುತ್ ಸೋರಿಕೆ ಎಂದೆಲ್ಲ ವರ್ಷಗಟ್ಟಲೆ ಚರ್ಚೆ ನಡೆದಿತ್ತು. ಅಮೆರಿಕದ ಜೇ ಹೆಮ್ಡಾಲ್ ಮತ್ತು ಒಡಮ್ ಅವರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನೀರು ಶುದ್ಧಗೊಳಿಸಲು ಬಳಸುವ ಲಿಗ್ನೈಟ್ ಇದ್ದಿಲು ಇದನ್ನು ತರಿಸುತ್ತದೆ ಎಂದು ತೋರಿಸಿದರು. ಮೀನಿನ ಅಂದ ಕೆಡಿಸುವ ಈ ಬೇನೆಗೆ ನೀರು ತಿಳಿಯಾಗಲೆಂದು ನಾವೇ ಹಾಕಿದ ಪುಡಿ ಕಾರಣವಾಗಬಹುದು. ಇದ್ದಿಲು ಬೇಕೇ ಬೇಕೆಂದರೆ ದೂಳಿಲ್ಲದ ಗಟ್ಟಿ ಕಾಳಿನದನ್ನು ಚೆನ್ನಾಗಿ ತೊಳೆದು ಹಾಕಿ.

ಆದರೆ ಸರ್ಜನ್ ಮೀನನ್ನು ಕೊಲ್ಲುವುದರಲ್ಲಿ ಮೊದಲ ಸ್ಥಾನ ಬಿಳಿಚುಕ್ಕೆ ರೋಗದ್ದು. ಕ್ರಿಪ್ಟೋಕಾರಿಯಾನ್ ಎಂಬ ಪರಜೀವಿ ಮೀನಿನ ಚರ್ಮ ಕಿವಿರುಗಳೊಳಗೆ ಹೊಕ್ಕು ಕೆಲವು ದಿನ ತಿಂದು, ಉದುರಿ, ಮರಳಿನಲ್ಲಿ ಗೂಡು ಕಟ್ಟಿಕೊಂಡು ಮರಿಹಾಕುತ್ತದೆ. ಉದುರಿದಾಗ ಚುಕ್ಕೆ ಮಾಯವಾಗುತ್ತದೆ, ಸಾಕಿದವರು ವಾಸಿಯಾಯಿತೆಂದು ನಿಟ್ಟುಸಿರು ಬಿಡುತ್ತಾರೆ. ವಾರದೊಳಗೆ ನೂರಾರು ಮರಿ ಒಟ್ಟಿಗೆ ಎದ್ದು ಬರುತ್ತವೆ. ಗೂಡಿನೊಳಗೆ 72 ದಿನದವರೆಗೂ ಅದು ಜೀವ ಹಿಡಿದಿದ್ದದ್ದು ದಾಖಲಾಗಿದೆ. ಆದ್ದರಿಂದ ರೋಗ ಹೊಕ್ಕ ತೊಟ್ಟಿಯನ್ನು ಎರಡೂವರೆ ತಿಂಗಳು ಮೀನಿಲ್ಲದೆ ಖಾಲಿ ಬಿಡುವುದೇ ಖಾತ್ರಿಯ ದಾರಿ. ಮೀನನ್ನು ಅಷ್ಟು ದಿನ ಬೇರೆ ತೊಟ್ಟಿಯಲ್ಲಿ ಇಟ್ಟು ತಾಮ್ರದ ಔಷಧ ಕೊಡುತ್ತಾರೆ. ಪೌಡರ್ ಬ್ಲೂ ಈ ರೋಗಕ್ಕೆ ಎಷ್ಟು ಬೇಗ ಬೀಳುತ್ತದೆಂದರೆ ಅನುಭವಿಗಳೂ ಅದನ್ನು ತರಲು ಹಿಂದೆಮುಂದೆ ನೋಡುತ್ತಾರೆ.

ತಾಮ್ರದ ಬಗ್ಗೆ ದ್ರಾಕ್ಷಿ ಬೆಳೆಗಾರರ ಮನೆಯವರಿಗೆ ಬೇರೆಯದೇ ಎಚ್ಚರಿಕೆ ಹೇಳಬೇಕು. ಮೈಲುತುತ್ತ ಕಲಸಿ ಬೋರ್ಡೋ ದ್ರಾವಣ ಹೊಡೆದು ಬಂದ ಕೈಯನ್ನು ತೊಟ್ಟಿಗೆ ಅದ್ದಿದರೆ ಮೀನು ತಡೆದುಕೊಂಡೀತು, ಸಿಗಡಿ, ಬಸವನಹುಳು, ಹವಳ ತಡೆದುಕೊಳ್ಳವು. ಅವಕ್ಕೆ ತಾಮ್ರ ಕಡು ವಿಷ. ಕಲ್ಲು ಅದನ್ನು ಹೀರಿಟ್ಟುಕೊಂಡು ಆಮೇಲೂ ನೀರಿಗೆ ಬಿಡುತ್ತಿರುತ್ತದೆ. ಔಷಧದ ತಾಮ್ರವನ್ನು ದೊಡ್ಡ ತೊಟ್ಟಿಗೆ ಎಂದೂ ಹಾಕಬಾರದೆನ್ನುವುದೂ ಇದಕ್ಕೇ. ಹೊಲದಲ್ಲಿ ಕೀಟನಾಶಕ ಹೊಡೆಯುವ ದಿನ ಗಾಳಿ ಪಂಪನ್ನು ಕಿಟಕಿಯಿಂದ ದೂರ ಇಡಿ, ಅದು ಹೊರಗಿನ ಗಾಳಿಯನ್ನು ನೇರ ನೀರಿಗೆ ತುಂಬುತ್ತದೆ.

ರಾತ್ರಿ ಬಸ್ಸಿನಲ್ಲಿ ಬಂದ ಚೀಲವನ್ನು ಒಡೆಯುವ ಹೊತ್ತೂ ಅಪಾಯದ್ದು. ಮುಚ್ಚಿದ ಚೀಲದಲ್ಲಿ ಮೀನು ಬಿಟ್ಟ ಇಂಗಾಲಾಮ್ಲದಿಂದ ನೀರು ಹುಳಿಯಾಗಿರುತ್ತದೆ, ಅದರಲ್ಲಿ ಅಮೋನಿಯಾ ಹೆಚ್ಚು ಕೇಡು ಮಾಡದ ರೂಪದಲ್ಲಿರುತ್ತದೆ. ಚೀಲ ಬಿಚ್ಚಿದೊಡನೆ ಅನಿಲ ಹಾರಿಹೋಗಿ ಹುಳಿ ಇಳಿದು ಅದೇ ಅಮೋನಿಯಾ ವಿಷದ ರೂಪಕ್ಕೆ ತಿರುಗುತ್ತದೆ. ಬಿಚ್ಚಿದ ಚೀಲಕ್ಕೆ ತೊಟ್ಟಿಯ ನೀರನ್ನು ಹನಿಹನಿಯಾಗಿ ತಾಸುಗಟ್ಟಲೆ ಬಿಡುವ ಪದ್ಧತಿ ದೂರದ ಪ್ರಯಾಣ ಮಾಡಿದ ಮೀನಿಗೆ ಒಳ್ಳೆಯದಲ್ಲ. ಅಂಗಡಿಯವರ ನೀರಿನ ಸಾಂದ್ರತೆ ಎಷ್ಟೆಂದು ಮೊದಲೇ ಕೇಳಿಕೊಂಡು ಪ್ರತ್ಯೇಕ ತೊಟ್ಟಿಯನ್ನು ಅಷ್ಟಕ್ಕೇ ಸಿದ್ಧವಿಟ್ಟು, ಮುಚ್ಚಿದ ಚೀಲವನ್ನು ತೇಲಿಬಿಟ್ಟು ಉಷ್ಣತೆ ಹೊಂದಿಸಿ, ಬಿಚ್ಚಿದ ತಕ್ಷಣ ಮೀನನ್ನು ಮಾತ್ರ ದಾಟಿಸುವುದು ಮೇಲು.

ಇವುಗಳ ಜಗಳವೂ ಮೇವಿನ ಜಗಳವೇ. ಹವಳದ ದಿಬ್ಬದಲ್ಲಿ ಕೆಲವು ಜಾತಿಗಳು ಪಾಚಿಯ ಜಾಗವನ್ನು ತಮ್ಮದೆಂದು ಕಾಯುತ್ತವೆ. ಮೈಮೇಲೆ ಕಪ್ಪು ಪಟ್ಟೆಯ ಕಾನ್ವಿಕ್ಟ್ ಟ್ಯಾಂಗುಗಳು ನೂರಾರು ಸೇರಿ ಹಿಂಡಾಗಿ ಅಂಥ ಜಾಗಕ್ಕೆ ನುಗ್ಗುತ್ತವೆ, ಕಾಯುವವ ಎಷ್ಟನ್ನೆಂದು ಓಡಿಸಿಯಾನು? ತೊಟ್ಟಿಯಲ್ಲಿ ಹಿಂಡೂ ಇಲ್ಲ, ಓಡಿಹೋಗಲು ಬಯಲೂ ಇಲ್ಲ. ಒಂದೇ ಆಕಾರದ ಎರಡು ಸರ್ಜನ್ ಮೀನನ್ನು ಒಂದೇ ತೊಟ್ಟಿಗೆ ಹಾಕಿದರೆ ಬಾಲದ ಚೂರಿಗಳು ಬಿಚ್ಚಿಕೊಳ್ಳುತ್ತವೆ. ಒಂದು ಸಾಕು. ಅದನ್ನೂ ಎಲ್ಲ ಮೀನುಗಳ ಕೊನೆಗೆ ಬಿಡಬೇಕು.

ಇಷ್ಟೆಲ್ಲ ಶ್ರಮದ ಮೀನು ಬರುವುದು ಎಲ್ಲಿಂದ? ಅಂಗಡಿಯ ಸರ್ಜನ್ ಮೀನುಗಳಲ್ಲಿ ಬಹುಪಾಲು ಇಂದಿಗೂ ಕಡಲಿನಿಂದ ಹಿಡಿದವು. ಫಿಲಿಪ್ಪೀನ್ಸಿನಲ್ಲಿ 1960ರ ದಶಕದಿಂದ, ಆಮೇಲೆ ಇಂಡೋನೇಷ್ಯಾದಲ್ಲೂ, ಸಯನೈಡ್ ನೀರನ್ನು ಹವಳದ ಸಂದಿಗೆ ಚಿಮ್ಮಿಸಿ ಮೀನು ಮಂಪರಾದಾಗ ಹಿಡಿಯುವ ಪದ್ಧತಿ ಬೆಳೆಯಿತು. ಹಾಗೆ ಹಿಡಿದ ಮೀನು ನೋಡಲು ಚೆನ್ನಾಗಿದ್ದು, ವಾರಗಳ ಮೇಲೆ ಕಾರಣ ತಿಳಿಯದೆ ಸಾಯಬಹುದು. ಸುತ್ತಲಿನ ಹವಳವೂ ಸಾಯುತ್ತದೆ. ಯೆಲ್ಲೋ ಟ್ಯಾಂಗಿನ ತವರು ಹವಾಯಿಯಲ್ಲಿ ಪಶ್ಚಿಮ ತೀರದ ಮೂರನೇ ಒಂದರಷ್ಟು ಭಾಗದಲ್ಲಿ 2000ದ ಹೊತ್ತಿಗೆ ಅಕ್ವೇರಿಯಂ ಮೀನು ಹಿಡಿಯುವುದನ್ನು ನಿಲ್ಲಿಸಿದರು, ಅಲ್ಲಿ ಮೀನಿನ ಸಂಖ್ಯೆ ಮತ್ತೆ ಏರಿತು. 2017ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ವ್ಯಾಪಾರಕ್ಕಾಗಿ ಮೀನು ಹಿಡಿಯುವುದಕ್ಕೇ ತಡೆ ಬಿತ್ತು.

ನಮ್ಮ ಲಕ್ಷದ್ವೀಪದ ಸಮುದ್ರದಲ್ಲೂ ಸರ್ಜನ್ ಮೀನುಗಳಿವೆ. ಪೌಡರ್ ಬ್ಲೂ ಹಿಂದೂ ಮಹಾಸಾಗರದ್ದೇ ಮೀನು. ಅಲ್ಲಿ ಇವು ಮಾಡುವ ಕೆಲಸ ತೊಟ್ಟಿಯ ಶೋಭೆಗಿಂತ ಬಹಳ ದೊಡ್ಡದು. ನೀರು ಕಾದು ಹವಳ ಬಿಳಿಚಿ ಸತ್ತಾಗ ಆ ಅಸ್ಥಿಪಂಜರದ ಮೇಲೆ ಪಾಚಿ ಹಬ್ಬುತ್ತದೆ. ಪಾಚಿ ಮುಚ್ಚಿದ ಕಲ್ಲಿನ ಮೇಲೆ ಹವಳದ ಮರಿ ನೆಲೆಯೂರಲಾರದು. ಮೇಯುವ ಮೀನುಗಳು ಅದನ್ನು ಸವರಿ ಜಾಗ ಬಿಡಿಸಿಕೊಟ್ಟರೆ ದಿಬ್ಬ ಚೇತರಿಸಿಕೊಳ್ಳುತ್ತದೆ. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್ನಿನ ವಿಜ್ಞಾನಿಗಳು 1998ರಿಂದ ಲಕ್ಷದ್ವೀಪದ ದಿಬ್ಬಗಳನ್ನು ಅಳೆಯುತ್ತ ಬಂದಿದ್ದಾರೆ. 1998, 2010, 2016ರ ಬಿಸಿ ಅಲೆಗಳು ಹಾದುಹೋದ ಮೇಲೆ ಜೀವಂತ ಹವಳ ನೂರಕ್ಕೆ 37ರಿಂದ 2022ಕ್ಕೆ 19ರ ಆಸುಪಾಸಿಗೆ ಇಳಿದದ್ದು ಅವರ ಲೆಕ್ಕದಲ್ಲಿದೆ. ಅಂಥ ದಿಬ್ಬದಿಂದ ಒಂದೊಂದು ಮೇಯುವ ಮೀನನ್ನು ಎತ್ತಿದರೂ ಅಲ್ಲಿ ಒಬ್ಬ ಕೆಲಸಗಾರ ಕಡಿಮೆಯಾಗುತ್ತಾನೆ. ಇದನ್ನು ಯೋಚಿಸಿದಾಗ ಪೌಡರ್ ಬ್ಲೂವಿನ ನೀಲಿ ಮೈ, ಹಳದಿ ಬೆನ್ನುರೆಕ್ಕೆ ಎಷ್ಟೇ ಚೆಂದವಿದ್ದರೂ ನನಗೆ ಅದನ್ನು ತೊಟ್ಟಿಯಲ್ಲಿ ನೋಡಲು ಮನಸ್ಸಾಗುವುದಿಲ್ಲ.

ಕಾನೂನಿನ ಒಂದು ಮಾತು. ಭಾರತದಲ್ಲಿ ದಿಬ್ಬ ಕಟ್ಟುವ ಹವಳಗಳು, ಕಡಲಕುದುರೆ, ದೈತ್ಯ ಕಪ್ಪೆಚಿಪ್ಪು 2001ರಲ್ಲಿ ವನ್ಯಜೀವಿ ಕಾಯ್ದೆಯ ರಕ್ಷಣೆಗೆ ಬಂದವು. ಸತ್ತ ಹವಳದ ಕಲ್ಲನ್ನು ಲೈವ್ ರಾಕ್ ಎಂದು ಮಾರಿದರೂ ಕೊಂಡವರು ಸಿಕ್ಕಿಬೀಳುತ್ತಾರೆ. ಮಾಲವಣದಲ್ಲಾಗಲಿ ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಾಗಲಿ ನೀರಿಗಿಳಿದವರು ಒಂದು ತುಂಡನ್ನೂ ಎತ್ತಿ ತರಬಾರದು. ಸಿಮೆಂಟು, ಪಿಂಗಾಣಿಯಿಂದ ಮಾಡಿದ ಕಲ್ಲುಗಳಲ್ಲೂ ಬ್ಯಾಕ್ಟೀರಿಯಾ ಅಷ್ಟೇ ಚೆನ್ನಾಗಿ ನೆಲೆಯೂರುತ್ತದೆ.

ಸಾಕಿದ ಮೀನಿನಿಂದಲೇ ಮರಿ ಮಾಡಿಸಬಾರದೇ ಎಂದರೆ, ಬಹಳ ಕಾಲ ಆಗಿರಲಿಲ್ಲ. ಸರ್ಜನ್ ಮೀನಿನ ಮೊಟ್ಟೆ ನೀರಿನಲ್ಲಿ ತೇಲುವಂಥದ್ದು. ಒಡೆದು ಬರುವ ಮರಿ ಗಾಜಿನಂತೆ ಪಾರದರ್ಶಕವಾಗಿ ವಾರಗಟ್ಟಲೆ ತೆರೆದ ಕಡಲಲ್ಲಿ ತೇಲುತ್ತ ಕಣ್ಣಿಗೆ ಕಾಣದ ಜೀವಿಗಳನ್ನು ತಿಂದು ಬೆಳೆಯುತ್ತದೆ. ಆ ಸೂಕ್ಷ್ಮ ಆಹಾರವನ್ನು ಒದಗಿಸುವುದೇ ಕಗ್ಗಂಟಾಗಿತ್ತು. 2015ರಲ್ಲಿ ಹವಾಯಿಯ ಓಷಿಯಾನಿಕ್ ಇನ್‌ಸ್ಟಿಟ್ಯೂಟ್ ಯೆಲ್ಲೋ ಟ್ಯಾಂಗನ್ನು, 2016ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಪ್ರಯೋಗಾಲಯ ಬ್ಲೂ ಟ್ಯಾಂಗನ್ನು ಮೊಟ್ಟೆಯಿಂದ ಬೆಳೆಸಿ ತೋರಿಸಿದವು. ಈಗ ಸಾಕಣೆಯ ಯೆಲ್ಲೋ ಟ್ಯಾಂಗ್ ಮಾರಾಟಕ್ಕಿದೆ. ಬೆಲೆ ಹೆಚ್ಚು. ಆದರೆ ಅದು ಹುಟ್ಟಿದಂದಿನಿಂದ ತೊಟ್ಟಿಯ ನೀರು, ಕೈಯ ಆಹಾರ ಕಂಡದ್ದು.

ದರಿಬಡಚಿಯಲ್ಲಿ ಕಡಲ ತೊಟ್ಟಿ ಇಡಲೇಬೇಕೆನ್ನುವವರಿಗೆ ನಾನು ಹೇಳುವುದು ಹೀಗೆ. ಮೊದಲ ವರ್ಷ ಜೋಡಿ ಕ್ಲೌನ್ ಮೀನು ಸಾಕಿರಿ. ಅವನ್ನು ನಮ್ಮ ದೇಶದಲ್ಲೇ ಮರಿ ಮಾಡಿಸುತ್ತಾರೆ, ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಈ ವಿದ್ಯೆಯನ್ನು ಕರಗತ ಮಾಡಿಕೊಂಡು ಕಲಿಸುತ್ತಲೂ ಬಂದಿದೆ. ನೂರು ಲೀಟರಿನ ತೊಟ್ಟಿಯಲ್ಲಿ ಅವು ಸುಖವಾಗಿರುತ್ತವೆ. ಒಂದು ಬೇಸಿಗೆ ಪೂರ್ತಿ ಆ ನೀರನ್ನು 28 ಡಿಗ್ರಿಯ ಕೆಳಗೆ ಹಿಡಿದಿಟ್ಟು, ಉಪ್ಪನ್ನು ಹೊಲಕ್ಕೆ ಬಿಡದೆ, ಮನೆಯವರ ನೀರಿಗೆ ಕೊರತೆಯಾಗದಂತೆ ನಡೆಸಿದವರು ಮುಂದಿನ ವರ್ಷ ದೊಡ್ಡ ತೊಟ್ಟಿಯ ಯೋಚನೆ ಮಾಡಲಿ, ಅದರಲ್ಲಿ ಒಂದೇ ಒಂದು ಸಾಕಣೆಯ ಯೆಲ್ಲೋ ಟ್ಯಾಂಗ್ ಇರಲಿ. ಬ್ಲೂ ಟ್ಯಾಂಗ್, ಪೌಡರ್ ಬ್ಲೂ, ನೇಸೋ ಈ ಮೂರನ್ನು ಪಟ್ಟಿಯಿಂದ ತೆಗೆದುಬಿಡಿ. ಅಂಗಡಿಯವರಿಗೆ ಫೋನಿನಲ್ಲಿ ಕೇಳಬೇಕಾದದ್ದು ಎರಡು. ಸಾಕಣೆಯ ಮೀನೆಂದರೆ ಯಾವ ಕೇಂದ್ರದಲ್ಲಿ ಮರಿಯಾದದ್ದು, ಅದರ ಕಾಗದ ತೋರಿಸುತ್ತೀರಾ? ನಿಮ್ಮ ತೊಟ್ಟಿಗೆ ಬಂದು ಎಷ್ಟು ದಿನವಾಯಿತು, ಅದು ಪಾಚಿ ತಿನ್ನುವ ವಿಡಿಯೊವನ್ನು ಈಗಲೇ ಕಳಿಸುತ್ತೀರಾ? ಎರಡಕ್ಕೂ ನೇರ ಉತ್ತರ ಬರುವವರೆಗೆ ಮುಂಗಡ ಕಳಿಸಬೇಡಿ.